ಕಳ್ವಪ್ಪಿನ ಬಂಡೆಯ ಮೇಲೆ

ಶ್ರವಣಬೆಳಗೊಳಕ್ಕೆ ಹೋದವರು ಸಾಮಾನ್ಯವಾಗಿ ದೊಡ್ಡಬೆಟ್ಟವನ್ನೇರಿ ಗೊಮ್ಮಟನನ್ನು ಕಂಡು ಹಿಂದಿರುಗುತ್ತಾರೆ. ಎದುರಿನ ಚಿಕ್ಕಬೆಟ್ಟವೇ ಶಾಸನಗಳ ಕಳ್ವಪ್ಪು. ಚಾವುಂಡರಾಯನು ಗೊಮ್ಮಟನನ್ನು ನಿಲ್ಲಿಸುವುದಕ್ಕೆ ಸುಮಾರು ಮೂರು ಶತಮಾನಗಳ ಮೊದಲೇ, ಇಲ್ಲಿ ಸಲ್ಲೇಖನ ಕೈಗೊಂಡು ಮುಡಿಪಿದವರ ಹೆಸರುಗಳು ಬಂಡೆಯನ್ನು ಸೇರಿದ್ದವು.

ಅಪ್ಪ ತೀರಿಕೊಂಡ ಮರುವರ್ಷ ಮೇಡ್ಲೇರಿಯಿಂದ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಬೆಳಗಿನ ಒಂಬತ್ತಕ್ಕೇ ಬಂಡೆ ಬರಿಗಾಲಿಗೆ ಚುರುಗುಟ್ಟುತ್ತಿತ್ತು. ಕಡಿದ ಮೆಟ್ಟಿಲುಗಳ ಮೇಲೆ ಅಲ್ಲಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತ ಹತ್ತಿದಳು. (ಏದುಸಿರು ಬಿಟ್ಟವನು ನಾನೇ.) ಮೇಲೆ ಬಸದಿಗಳ ನಡುವೆ, ಅಕ್ಷರ ಕೊರೆದ ಹಾಸುಬಂಡೆಯ ಬಳಿ ನಿಂತು, “ಏನ್ ಬರದಾರೋ ತಮ್ಮಾ? ಓದು” ಎಂದಳು.

ಆ ಲಿಪಿ ನನಗೆ ಓದಲು ಬರಲಿಲ್ಲ. ನಾನು ಬಲ್ಲದ್ದು ಅಚ್ಚಿನ ಪಾಠ, 1889ರಲ್ಲಿ ಬಿ. ಎಲ್. ರೈಸ್ ಈ ಬೆಟ್ಟದ ಶಾಸನಗಳನ್ನು ಪ್ರಕಟಿಸಿದಂದಿನಿಂದ ನಮ್ಮ ಓದು ಪುಸ್ತಕದಲ್ಲಿಯೇ ನಡೆದಿದೆ. ನೆನಪಿನಲ್ಲಿದ್ದ ನಂದಿಸೇನ ಮುನಿಯ ಶಾಸನದ ತಾತ್ಪರ್ಯ ಹೇಳಿದೆ. ರೂಪ, ಸಂಪತ್ತು, ವೈಭವಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ನಿಲ್ಲದವೆಂದು ತಿಳಿದು ದೇಹವನ್ನು ತೊರೆದವನು ಆತ. ಇಪ್ಪತ್ತೆಂಟು ವರ್ಷ ತರಗತಿಯಲ್ಲಿ ಅದು ನನಗೆ ಉಪಮಾಲಂಕಾರದ ಉದಾಹರಣೆ, ಪರೀಕ್ಷೆಯ ಐದು ಅಂಕ.

“ಉಣ್ಣೂದು ಬಿಟ್ಟು ಹ್ವಾದ್ರೇನು?”

“ಹೌದವ್ವ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಿಮ್ಮಪ್ಪಾರೂ ಸಾಕು ಅಂದಿದ್ರು. ಮೂಗಿಗೆ ನಳಿಗಿ ಹಾಕಿಸಿದ್ರಿ.”

ಆಸ್ಪತ್ರೆಯ ಕಾಗದಕ್ಕೆ ರುಜು ಮಾಡಿದವನು ನಾನು. ಉತ್ತರ ಹೊಳೆಯಲಿಲ್ಲ. ಅವಳು ಸೆರಗಿನಿಂದ ಅಕ್ಷರಗಳ ಮೇಲಿನ ಧೂಳನ್ನು ಒರೆಸುತ್ತ ಅಲ್ಲಿಯೇ ಕುಳಿತಳು.