ಗೃಹಿಣಿ ಬರೆದ ಇತಿಹಾಸ

ಎರಡನೆಯ ಮಹಾಯುದ್ಧವನ್ನು ಕುರಿತು ಚರ್ಚಿಲ್ಲರು ಆರು ಸಂಪುಟಗಳನ್ನು ಬರೆದರು. ಅವು ನನ್ನ ಕಪಾಟಿನಲ್ಲಿ ಗೌರವದಿಂದ ಕುಳಿತಿವೆ. ನಾನು ಮತ್ತೆ ಮತ್ತೆ ತೆರೆಯುವುದು ನೆಲ್ಲಾ ಲಾಸ್ಟ್ ಎಂಬ ಆಂಗ್ಲ ಗೃಹಿಣಿಯ ದಿನಚರಿಯನ್ನು.

ಜನಸಾಮಾನ್ಯರ ಮಾತನ್ನು ಅವರಿಂದಲೇ ಬರೆಯಿಸಬೇಕೆಂದು 1937ರಲ್ಲಿ ಇಂಗ್ಲೆಂಡಿನಲ್ಲಿ ‘ಮಾಸ್ ಅಬ್ಸರ್ವೇಷನ್’ ಎಂಬ ಸಂಸ್ಥೆ ಹುಟ್ಟಿತು. 1939ರಲ್ಲಿ ಯುದ್ಧ ಮೊದಲಾದಾಗ, 49 ವರ್ಷದ ಈ ತಾಯಿ ಅದಕ್ಕಾಗಿ ಲೇಖನಿ ಹಿಡಿದರು. ರೇಡಿಯೋ ವಾರ್ತೆ, ಸೈನ್ಯಕ್ಕೆ ಹೊರಟ ಮಗ, 1941ರಲ್ಲಿ ಊರಿನ ಮೇಲೆ ಬಿದ್ದ ಬಾಂಬು, ಪಡಿತರದಲ್ಲಿ ಅಡುಗೆ ತೂಗಿಸುವ ಜಾಣ್ಮೆ—ಎಲ್ಲಕ್ಕೂ ಅಲ್ಲಿ ಒಂದೇ ಪಂಕ್ತಿ.

ಇದನ್ನು ಬರಿಯ ಹರಟೆಯೆಂದು ತಳ್ಳಬೇಡಿ. ಯುದ್ಧ ಗೆದ್ದ ಚರ್ಚಿಲ್ಲರು 1945ರ ಚುನಾವಣೆಯಲ್ಲಿ ಸೋತಾಗ ಬಹುಮಂದಿ ಬೆರಗಾದರು. ಆ ಸಂಸ್ಥೆಯ ಟಾಮ್ ಹ್ಯಾರಿಸನ್ನರು 1944ರಲ್ಲೇ ಅದನ್ನು ಊಹಿಸಿದ್ದರು. ಜನರ ಗೊಣಗಾಟಕ್ಕೆ ಕಿವಿಗೊಟ್ಟವರಿಗೆ ಜ್ಯೋತಿಷ್ಯವೇಕೆ?

ಅದೇ ಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಯ ಅಕ್ಕಿ ಬರುವುದು ನಿಂತಾಗ, ನಮ್ಮ ಮುತ್ತಜ್ಜಿಯರೂ ಒಲೆಯ ಮುಂದೆ ಏನೋ ನುಡಿದಿರಬೇಕು. ಬೈದದ್ದು ಸರಕಾರವನ್ನೋ, ಹಿಟ್ಲರನನ್ನೋ, ದೈವವನ್ನೋ? ಕೇಳಿ ಬರೆದಿಟ್ಟವರಿಲ್ಲ. ಆ ದಿನಚರಿಗಳು ಇಂದು ಸಸೆಕ್ಸಿನಲ್ಲಿ ಭದ್ರವಾಗಿವೆ. ನಮ್ಮ ಅಡುಗೆಮನೆಯ ಇತಿಹಾಸ ಹೊಗೆಯೊಡನೆ ಸೂರು ದಾಟಿ ಹೋಯಿತು.