ಖಾಲಿ ತೂಕ

ನಮ್ಮ ಮನೆ ಹೊನ್ನಾವರದ ಕಾಸರಕೋಡಿನಲ್ಲಿ. ಶರಾವತಿ ಸಮುದ್ರ ಸೇರುವ ಅಳಿವೆಗೆ ನಡೆದರೆ ಹತ್ತು ನಿಮಿಷ. ಅಪ್ಪನದು ನಾಲ್ಕು ಜನ ಹೋಗಿ ಬಲೆ ಬಿಡುವ ನಾಡದೋಣಿ. ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಅದರ 9.9 ಎಚ್‌ಪಿಯ ಹಳೆ ಔಟ್‌ಬೋರ್ಡ್ ಎಂಜಿನ್ ಮಾರಿ, ಭಟ್ಕಳದಲ್ಲಿ ಯಾರೋ ಬಳಸಿ ಬಿಟ್ಟಿದ್ದ 25 ಎಚ್‌ಪಿಯದನ್ನು ತಂದ. ರಜೆಗೆ ಬಂದಿದ್ದ ನಾನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಭಾಗಾಕಾರ ಮಾಡಿ ತೋರಿಸಿದೆ: ಎಂಜಿನ್ ಎರಡೂವರೆ ಪಟ್ಟು ಜೋರು, ಇನ್ನೊಂದು ಬಲೆ ಹಾಕಿಕೊಂಡು ಹೋಗಲು ಏನೂ ತೊಂದರೆಯಿಲ್ಲ. ಮಗ ಎಂಜಿನಿಯರಿಂಗ್ ಓದುತ್ತಾನೆ ಎಂಬ ಒಂದೇ ಕಾರಣಕ್ಕೆ ಅಪ್ಪ ಒಪ್ಪಿದ.

ಸೆಪ್ಟೆಂಬರಿನಲ್ಲಿ ಒಂದು ದಿನ ಬಂಗಡೆ ಚೆನ್ನಾಗಿ ಬಿತ್ತು. ದೋಣಿ ತುಂಬಿಕೊಂಡು ಅಳಿವೆಯೊಳಗೆ ಬರುವಾಗ ಮರಳದಿಬ್ಬದ ಮೇಲೆ ಎದ್ದ ತೆರೆ ಹಿಂದಿನಿಂದ ಒಳಗೆ ನುಗ್ಗಿತು. ಮೀನು ಚೆಲ್ಲಿದರು, ಬಲೆ ಕಡಿದು ಬಿಟ್ಟರು. ನಾಲ್ವರೂ ಮನೆಗೆ ಬಂದರು. ಆದರೆ ಪಕ್ಕದ ಮನೆಯ ಚಿಕ್ಕಪ್ಪನ (ಸಂಬಂಧದಲ್ಲಲ್ಲ, ಕರೆಯುವುದು ಹಾಗೆ) ಬಲಗೈ ದೋಣಿಗೂ ಬಲೆಯ ಹಗ್ಗಕ್ಕೂ ನಡುವೆ ಸಿಕ್ಕಿತು. ಇಂದಿಗೂ ಅವರ ಆ ಕೈಯ ಎರಡು ಬೆರಳು ಮಡಚುವುದಿಲ್ಲ. ಲೆಕ್ಕ ಹಾಕಿ ಕೊಟ್ಟವನು ನಾನೆಂದು ಅಪ್ಪ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಈಗ ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ರಚನೆಯ ಕುರಿತು ಪಿಎಚ್‌ಡಿ ಮಾಡುತ್ತಿದ್ದೇನೆ. ಓದು ನನ್ನನ್ನು ತಂದು ನಿಲ್ಲಿಸಿದ್ದು ಎಚ್‌ಎಎಲ್‌ನ ಪುಷ್ಪಕದ ಮುಂದೆ. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗ ಇರುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. 1958ರ ಸೆಪ್ಟೆಂಬರ್ 28ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಈ ಪುಷ್ಪಕದಲ್ಲಿ ಎರಡೇ ಸೀಟು, ಪಕ್ಕಪಕ್ಕ. 90 ಎಚ್‌ಪಿ ಎಂಜಿನ್, ಬಟ್ಟೆ ಹೊದಿಸಿದ ರೆಕ್ಕೆ. ನೂರೈವತ್ತಕ್ಕೂ ಹೆಚ್ಚು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳಿಗೆ ಹಾರುವುದನ್ನು ಕಲಿಸಿದವು. ಎಲ್ಲ ಸೇರಿ ಅದು ಏರಬಹುದಾದ ಗರಿಷ್ಠ ತೂಕ ಸುಮಾರು 612 ಕಿಲೋ. ಖಾಲಿ ವಿಮಾನವೇ ಸುಮಾರು 395 ಕಿಲೋ. ಉಳಿದದ್ದರಲ್ಲಿ ಇಬ್ಬರು ಮನುಷ್ಯರು, ಪೆಟ್ರೋಲು, ಒಂದು ಕೈಚೀಲ.

612 ಎಂಬುದು ಎಂಜಿನ್ನಿನ ಶಕ್ತಿಯನ್ನು ನೋಡಿ ಮಾತ್ರ ಬರೆದದ್ದಲ್ಲ. ಸಾಮಾನ್ಯ ವರ್ಗದ ಸಣ್ಣ ವಿಮಾನದ ರೆಕ್ಕೆ ಅದರ ಗರಿಷ್ಠ ತೂಕದ 3.8 ಪಟ್ಟು ಭಾರ ತಡೆಯಬೇಕು. ಅದರ ಮೇಲೆ ಇನ್ನೂ ಒಂದೂವರೆ ಪಟ್ಟು ಮೀಸಲು ಬಲ ಇರಬೇಕು. ಇಷ್ಟೊಂದು ಮೀಸಲಿದೆಯಲ್ಲ, ಸ್ವಲ್ಪ ಹೆಚ್ಚು ಹೇರಿದರೇನು ಎನ್ನಿಸುತ್ತದೆ. ಆ ಮೀಸಲು ಇರುವುದು ಗಾಳಿಯ ಹೊಡೆತಕ್ಕೆ, ತಿರುವಿಗೆ, ಒರಟಾಗಿ ನೆಲಕ್ಕಿಳಿಯುವ ದಿನಕ್ಕೆ. ನಮ್ಮ ಸಾಮಾನಿಗಲ್ಲ. ಎಂಜಿನ್ ಬದಲಿಸಿದರೆ ಏರುವ ವೇಗ ಹೆಚ್ಚಬಹುದು, ರೆಕ್ಕೆ ಅದೇ ರೆಕ್ಕೆ. ಆದ್ದರಿಂದ ಮಾದರಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ಬರೆದ ತೂಕ ಎಂಜಿನ್ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ. ಹೊಸ ಭಾರವನ್ನೂ ತಡೆಯುತ್ತದೆಂದು ಮತ್ತೆ ಲೆಕ್ಕ, ಪರೀಕ್ಷೆಗಳಿಂದ ತೋರಿಸಿ ಒಪ್ಪಿಗೆ ಪಡೆಯಬೇಕು. ನಾಲ್ಕು ಜನ ಕೂರುವ ವಿಮಾನ ಮಾಡುವಾಗ ಎಚ್‌ಎಎಲ್ ಪುಷ್ಪಕಕ್ಕೆ ದೊಡ್ಡ ಎಂಜಿನ್ ಹಾಕಿ ಸುಮ್ಮನಾಗಲಿಲ್ಲ. ಒಡಲನ್ನೇ ಹೊಸದಾಗಿ, ದೊಡ್ಡದಾಗಿ ಕಟ್ಟಿತು. ಅದು 'ಕೃಷಕ್' ಎಂಬ ಬೇರೆಯೇ ವಿಮಾನವಾಗಿ 1959ರ ನವೆಂಬರಿನಲ್ಲಿ ಹಾರಿತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ತಟ್ಟಿತು. ಹಳೆ ವಿಮಾನ ವಯಸ್ಸಾದಂತೆ ಭಾರವಾಗುತ್ತದೆ. ಬಟ್ಟೆಗೆ ಇನ್ನೊಂದು ಸುತ್ತು ಬಣ್ಣ, ಮುರಿದಲ್ಲಿ ಒಂದು ತೇಪೆ, ಹೊಸ ರೇಡಿಯೋ, ಅದಕ್ಕೊಂದು ಬ್ಯಾಟರಿ. ಎಲ್ಲವೂ ಒಳ್ಳೆಯದಕ್ಕೇ ಮಾಡಿದ್ದು. ಆದರೆ ಗರಿಷ್ಠ ತೂಕ ಅಲ್ಲೇ ಇರುತ್ತದೆ, ಖಾಲಿ ತೂಕ ಏರುತ್ತದೆ, ಹೊರಬಹುದಾದದ್ದು ಕಡಿಮೆಯಾಗುತ್ತದೆ. ಇಪ್ಪತ್ತು ಕಿಲೋ ಸೇರಿಸಿದರೆ ಇಪ್ಪತ್ತು ಕಿಲೋ ಪೆಟ್ರೋಲು ಬಿಟ್ಟು ಹೊರಡಬೇಕು. ಅದಕ್ಕೇ ದೊಡ್ಡ ಬದಲಾವಣೆಯಾದಾಗ ವಿಮಾನವನ್ನು ಮತ್ತೆ ತೂಗಬೇಕು. ಭಾರ ಎಷ್ಟು ಎಂಬುದರ ಜೊತೆಗೆ ಎಲ್ಲಿ ಕೂತಿದೆ ಎಂಬುದನ್ನೂ ಬರೆಯಬೇಕು. ಬಾಲದ ಕಡೆ ಅತಿಯಾದ ಭಾರ ಒಟ್ಟು ಮಿತಿಯೊಳಗಿದ್ದರೂ ಅಪಾಯ.

ಇದನ್ನು ಓದುವಾಗ ಕಣ್ಣಮುಂದೆ ಇದ್ದದ್ದು ನಮ್ಮ ದೋಣಿ. ವರ್ಷಗಟ್ಟಲೆ ನೀರು ಕುಡಿದ ಹಲಗೆ, ಕುಮಟಾದಲ್ಲಿ ಮೇಲೆ ಹಾಕಿಸಿದ ಫೈಬರ್ ಹೊದಿಕೆ, ಹಿಂಬದಿಗೆ ಬಿಗಿದ ಭಾರದ ಎಂಜಿನ್, ಅದರ ಹೊಟ್ಟೆಗೆ ಹೆಚ್ಚುವರಿ ಕ್ಯಾನು. ನಾನು ಇನ್ನೊಂದು ಬಲೆ ಹೇರಿಸುವ ಮೊದಲೇ ದೋಣಿ ಒಂದು ಬಲೆಯಷ್ಟು ಭಾರವಾಗಿತ್ತು.

ಪುಷ್ಪಕಕ್ಕೆ ಮೂಲ ಅಮೆರಿಕದ ಏರೋಂಕಾ ಚೀಫ್. 2004ರಲ್ಲಿ ಆ ದೇಶ ಹಗುರ ವಿಮಾನಗಳಿಗೊಂದು ಸುಲಭದ ವರ್ಗ ಮಾಡಿದಾಗ ನೆಲದಿಂದ ಹಾರುವವಕ್ಕೆ 1,320 ಪೌಂಡ್, ಅಂದರೆ ಹತ್ತಿರ ಹತ್ತಿರ 600 ಕಿಲೋ ಮಿತಿ ಹಾಕಿತು. 1,250 ಪೌಂಡಿನ ಹಳೆ ಚೀಫ್ ಒಳಗೆ ಬಂತು. ಅದರದೇ ತಮ್ಮ, 1,350 ಪೌಂಡಿನ ಸೂಪರ್ ಚೀಫ್ ಹೊರಗುಳಿಯಿತು. ಇನ್ನು ಮೇಲೆ ಕಡಿಮೆ ಹೊರುತ್ತೇನೆಂದು ಬರೆದುಕೊಟ್ಟರೂ ಆಗುತ್ತಿರಲಿಲ್ಲ. ಮೊದಲ ಪ್ರಮಾಣಪತ್ರದ ದಿನದಿಂದ ಒಮ್ಮೆಯೂ ಮಿತಿ ದಾಟಿರಬಾರದು ಎಂಬುದು ಆಗ ನಿಯಮವಾಗಿತ್ತು. ಮೊದಲು ಓದಿದಾಗ ಇದೆಂಥ ಹಟ ಅನ್ನಿಸಿತ್ತು. ಈಗ ಅಷ್ಟು ಅನ್ನಿಸುವುದಿಲ್ಲ. ಅಪ್ಪನೂ ಆಮೇಲೆ ಎರಡನೇ ಬಲೆ ಹಾಕಿಕೊಂಡು ಹೋಗಲಿಲ್ಲ. ಚಿಕ್ಕಪ್ಪನ ಬೆರಳು ಮಾತ್ರ ಹಾಗೇ ಇವೆ.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ದೋಣಿ ತೂಗೋಣ ಅಂದೆ. ಅಪ್ಪ ನಕ್ಕ. ದೋಣಿ ತೂಗುವ ತಕ್ಕಡಿ ಎಲ್ಲಿದೆ? ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಅಕ್ಕಪಕ್ಕದ ಮನೆಗಳಿಂದ ತಂದು ಬಾವಿ ನೀರು ತುಂಬಿಸಿದೆವು. ಹೊಳೆ ನಿಂತ ಹೊತ್ತು ನೋಡಿ, ಎಂಜಿನ್ ಮತ್ತು ಎಣ್ಣೆ ಇದ್ದ ಹಾಗೇ, ಬಲೆ ಇಳಿಸಿ, ಒಂದೊಂದೇ ಕ್ಯಾನು ಇಡುತ್ತ ಹೋದೆವು. "ಅಳಿವೆ ದಾಟೂಕೆ ಹಿಂದಿನ ಹಲಗೆ ಎರಡು ಗೇಣು ನೀರಿನ ಮೇಲಿರಬೇಕು," ಅಂದ ಅಪ್ಪ. ಅದು ಅವನಿಗೆ ಮೊದಲೂ ಗೊತ್ತಿತ್ತು. ನಾನು ಕೇಳಿರಲಿಲ್ಲ, ಹೇಳಿದ್ದೆ ಅಷ್ಟೆ.

ಇಪ್ಪತ್ತಾರನೇ ಕ್ಯಾನಿಗೆ ಎರಡು ಗೇಣು ಮುಟ್ಟಿತು. 520 ಕಿಲೋ. ನಾಲ್ಕು ಜನರಿಗೆ 260 ಹೋದರೆ ಬಲೆ, ಮಂಜುಗಡ್ಡೆ, ಮೀನು ಎಲ್ಲ ಸೇರಿ 260. ಚಿಕ್ಕಪ್ಪ ದಡದಲ್ಲಿ ಕೂತು ನೋಡುತ್ತಿದ್ದರು. ಅವರ ಹತ್ತಿರ ಹೋಗಿ, ಆ ವರ್ಷ ಎರಡನೇ ಬಲೆಯ ಲೆಕ್ಕ ನನ್ನದು ಅಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ದೋಣಿಯ ಕಡೆ ಕೈ ತೋರಿಸಿ ಕೇಳಿದರು:

"ಇದು ಎಂಜಿನ್ ಸೇರಿಸೇ ಅಳೆದದ್ದನಾ ತಮಾ?"

"ಹೌದು ಚಿಕ್ಕಪ್ಪ, ಎಂಜಿನ್ ಇಟ್ಟೇ."

"ಹಾಗಾದರೆ ಬರೆದಿಡು."