ಕೊಡ ಎಲ್ಲಿ ಹೋಯ್ತು?

ಅಕ್ಷರಕ್ಕಿಂತ ಮೊದಲು ನಾವು ಚಿತ್ರ ಓದೋದು ಕಲಿತವರು. ನಮ್ಮ ಕೇರಿಯ ಸಂಡೇ ಸ್ಕೂಲಿನಲ್ಲಿ ತಪ್ಪದೆ ಬಂದ ಹುಡುಗರಿಗೆ ವಾರಕ್ಕೊಂದು ಬಣ್ಣದ ಕಾರ್ಡು ಕೊಡುತ್ತಿದ್ದರು. ಒಂದು ಕಡೆ ಬೈಬಲ್ ಕತೆಯ ಚಿತ್ರ, ಹಿಂದುಗಡೆ ನಾಲ್ಕು ಸಾಲು ಕತೆ. ಅನ್ನದ ಅಗುಳು ಅರೆದು ಅದನ್ನು ಮಣ್ಣುಗೋಡೆಗೆ ಮೆತ್ತುತ್ತಿದ್ದೆವು. ಆ ಕಾಲಕ್ಕೆ ನಮ್ಮ ಕೈಗೆ ಬಣ್ಣದ ಕಾಗದ ಕೊಟ್ಟವರು ಬೇರೆ ಯಾರೂ ಇರಲಿಲ್ಲ. ಊರೊಳಗಿನ ಮನೆಗಳಲ್ಲಿ ಕ್ಯಾಲೆಂಡರಿನ ದೇವರುಗಳಿದ್ದವು. ಆ ಹೊಸ್ತಿಲು ನಾವು ದಾಟುವಂತಿರಲಿಲ್ಲ. ಅದಕ್ಕೇ ಆ ಕಾರ್ಡುಗಳ ಮೇಲಿನ ಸಿಟ್ಟು ಹೇಳೋಕೆ ಮೊದಲು ಅವುಗಳ ಋಣ ಒಪ್ಪಿಕೊಳ್ಳುತ್ತೇವೆ.

ಕಾರ್ಡಿನ ಯೇಸು ಬಿಳಿ ಮನುಷ್ಯ. ಜೇನುಬಣ್ಣದ ಉದ್ದ ಕೂದಲು, ಬಾಚಿದ ಗಡ್ಡ, ಈಗ ತಾನೇ ಮಡಿ ಮಾಡಿದಂಥ ಬಟ್ಟೆ. ಚಿಕಾಗೋದ ವಾರ್ನರ್ ಸಾಲ್‌ಮನ್ 1940ರಲ್ಲಿ ಬರೆದ ಯೇಸುವಿನ ಚಿತ್ರ ಕೋಟಿಗಟ್ಟಲೆ ಅಚ್ಚಾಗಿ ಪ್ರಪಂಚವೆಲ್ಲ ಹರಡಿತು. ಅದೇ ಮುಖ ನಮ್ಮ ಗೋಡೆಗೂ ಬಂತು. ನಮ್ಮಜ್ಜಿ ಒಂದು ದಿನ ಕಾರ್ಡನ್ನು ಬೆಳಕಿಗೆ ಹಿಡಿದು, “ಬಡಗಿ ಮಗ ಅಂತೀರ, ಕೈ ನೋಡ್ರಲಾ, ಉಳಿ ಹಿಡ್ದ ಕೈಯಾ ಇದು?” ಅಂದಳು. ನಮಗೆ ನಗು. ಅಜ್ಜಿ ನಗಲಿಲ್ಲ.

ಬಣ್ಣದ ವಿಚಾರ ಬೇಕಾದಷ್ಟು ಜನ ಮಾತಾಡಿದ್ದಾರೆ. ನಾವು ಹೇಳಬೇಕಾಗಿರೋದು ಒಂದು ಬಾವಿಯ ಬಗ್ಗೆ, ಒಂದು ಕೊಡದ ಬಗ್ಗೆ.

ಯೋಹಾನನ ಸುವಾರ್ತೆಯ 4ನೇ ಅಧ್ಯಾಯ. ಯೇಸು ನಡೆದು ದಣಿದು ಸಮಾರ್ಯದ ಒಂದು ಬಾವಿಯ ಹತ್ತಿರ ಕೂರುತ್ತಾನೆ. ನಡುಮಧ್ಯಾಹ್ನ. ನೀರಿಗೆ ಬಂದ ಹೆಂಗಸನ್ನು ಕುಡಿಯೋಕೆ ನೀರು ಕೇಳುತ್ತಾನೆ. ಆಕೆಗೆ ಆಶ್ಚರ್ಯ. ಇವನು ಯೆಹೂದ್ಯ, ತಾನು ಸಮಾರ್ಯದವಳು, ತನ್ನ ಹತ್ತಿರ ನೀರು ಕೇಳೋದೇ? ಈ ಎರಡು ಜನರ ನಡುವೆ ಬಳಕೆ ಇರಲಿಲ್ಲ ಅಂತ ಅಲ್ಲೇ ಇದೆ. ಆ ಗ್ರೀಕ್ ಮಾತಿಗೆ ಒಂದೇ ಪಾತ್ರೆ ಬಳಸುತ್ತಿರಲಿಲ್ಲ ಅನ್ನೋ ಅರ್ಥವೂ ಉಂಟು ಅಂತ ಪಂಡಿತರು ಹೇಳುತ್ತಾರೆ. ನಮಗೆ ಗ್ರೀಕ್ ಬೇಕಾಗಿಲ್ಲ. ಬಾವಿಯಿಂದ ದೂರ ಕೊಡ ಇಟ್ಟು, “ಒಂದ್ ಬಿಂದ್ಗೆ ಹುಯ್ಯಿ ತಾಯಿ” ಅಂತ ಬಿಸಿಲಲ್ಲಿ ನಿಂತ ಅವ್ವಂದಿರ ಮಕ್ಕಳು ನಾವು. ಇಲ್ಲಿ ಎಲ್ಲ ತಿರುಗುಮುರುಗು. ಮೇಲಿನವನು ಕೆಳಗಿನವಳ ಕೊಡದ ನೀರಿಗೆ ಬಾಯಿಬಿಟ್ಟಿದ್ದಾನೆ. ಬಾವಿ ಆಳ, ಸೇದೋಕೆ ಅವನ ಹತ್ತಿರ ಏನೂ ಇಲ್ಲ.

ಈಗ ಚಿತ್ರ ನೋಡಿ. ನಾವು ಕಂಡ ಮಕ್ಕಳ ಪುಸ್ತಕಗಳಲ್ಲೆಲ್ಲ ಹೆಚ್ಚೂಕಡಿಮೆ ಒಂದೇ ಥರ. ಯೇಸು ಕೈಯೆತ್ತಿ ಬೋಧನೆ ಮಾಡುತ್ತಿದ್ದಾನೆ, ಹೆಂಗಸು ತಲೆತಗ್ಗಿಸಿ ಕೇಳುತ್ತಿದ್ದಾಳೆ. ಕೊಡ ಮೂಲೆಯಲ್ಲಿ ಅಲಂಕಾರಕ್ಕೆ ನಿಂತಿದೆ. ಬಾಯಾರಿದವರು ಯಾರು ಅನ್ನೋದೇ ಗೊತ್ತಾಗೋದಿಲ್ಲ.

ನಮ್ಮ ಸಂಡೇ ಸ್ಕೂಲಿನಲ್ಲಿ ಫ್ಲಾನೆಲ್ ಬಟ್ಟೆ ಹೊದಿಸಿದ ಒಂದು ಹಲಗೆ ಇತ್ತು. ಕಾಗದದ ಗೊಂಬೆಗಳ ಬೆನ್ನಿಗೂ ಅದೇ ಬಟ್ಟೆ, ಒತ್ತಿದರೆ ಅಂಟಿಕೊಳ್ಳೋದು. ಯೇಸು, ಹೆಂಗಸು, ಬಾವಿ, ಕೊಡ ಎಲ್ಲ ಬಿಡಿಬಿಡಿ. ಒಂದು ಸಲ ನಮ್ಮಲ್ಲೊಬ್ಬ ಕೊಡ ಕಿತ್ತು ಯೇಸುವಿನ ಕೈಗೆ ಅಂಟಿಸಿಬಿಟ್ಟ, ಕುಡೀಲಿ ಅಂತ. ಕತೆ ಹೇಳುತ್ತಿದ್ದ ದೊಡ್ಡವರು ಅವನ ಕೈಮೇಲೆ ಒಂದು ಬಿಟ್ಟು, ಕೊಡವನ್ನು ಹೆಂಗಸಿನ ಕಾಲ ಹತ್ತಿರ ಅಂಟಿಸಿದರು. ಆಮೇಲೆ ಹೇಳಿದರು: ಇವಳು ಐದು ಗಂಡಂದಿರ ಹೆಂಗಸು, ಕೆಟ್ಟವಳು, ಅದಕ್ಕೇ ಯಾರೂ ಇಲ್ಲದ ಹೊತ್ತಲ್ಲಿ ಒಬ್ಬಳೇ ಬಂದಳು.

ಮನೆಗೆ ಬಂದು ಅಜ್ಜಿಗೆ ಪಾಠ ಒಪ್ಪಿಸಿದೆವು. ಅಜ್ಜಿ ಎಲೆಅಡಿಕೆ ಉಗಿದು ಬಂದಳು. “ಕೆಟ್ಟೋಳೂ ಅಲ್ಲ, ಏನೂ ಅಲ್ಲ ಕಣ್ರೋ. ಊರೋರೆಲ್ಲ ಸೇದ್ಕೊಂಡು ಹೋಗೋಗಂಟ ಕಾದವ್ಳೆ. ನಮ್ಗೂ ನೀರು ಸಿಕ್ಕೋದು ಮಧ್ಯಾನ್ಕೇ ಅಲ್ವಾ?” ಆ ಬಾವಿ ಸಮಾರ್ಯದವರದೇ, ಅಜ್ಜಿಯ ಲೆಕ್ಕ ಪೂರ್ತಿ ಸರಿಯಲ್ಲ ಅಂತ ಈಗ ನಮಗೆ ಗೊತ್ತು. ಆದರೆ ಆಕೆ ಮಧ್ಯಾಹ್ನ ಯಾಕೆ ಬಂದಳು ಅಂತ ಬೈಬಲ್ಲಿನಲ್ಲಿ ಎಲ್ಲೂ ಬರೆದಿಲ್ಲ. ಆ ದೊಡ್ಡವರಿಗೆ ಹಾದರ ಕಂಡಿತು, ಅಜ್ಜಿಗೆ ಬಿಸಿಲು ಕಂಡಿತು.

ಮೋಶೆಯ ಕತೆಯೂ ಹೀಗೇ. ಬುಟ್ಟಿಯೊಳಗೆ ಮುದ್ದು ಕೂಸು, ಪುಟ ತಿರುಗಿಸಿದರೆ ಇಬ್ಭಾಗವಾದ ಸಮುದ್ರ. ನಡುವಿನ ಇಟ್ಟಿಗೆ ಮಾಯ. ವಿಮೋಚನಕಾಂಡದ 5ನೇ ಅಧ್ಯಾಯದಲ್ಲಿ ಫರೋಹ ದುಡಿಯೋ ಜನಕ್ಕೆ ಹುಲ್ಲು ಕೊಡೋದು ನಿಲ್ಲಿಸುತ್ತಾನೆ. ಹುಲ್ಲು ಅವರೇ ಆಯ್ದು ತರಬೇಕು, ಇಟ್ಟಿಗೆಯ ಲೆಕ್ಕ ಒಂದೂ ಕಮ್ಮಿಯಾಗಬಾರದು. ಮೇಲೆ ಸೋಮಾರಿಗಳು ಅನ್ನೋ ಬೈಗುಳ. ಜೀತಕ್ಕಿದ್ದ ನಮ್ಮ ಅಪ್ಪಂದಿರಿಗೆ ಇದು ಹೊಸ ಮಾತೇನಲ್ಲ. ಇಂಡಿಯಾದಲ್ಲಿ ಜೀತ ರದ್ದು ಮಾಡಿದ ಕಾನೂನು 1976ರದು. ಇಟ್ಟಿಗೆ ಗೂಡಿನಿಂದ ಜೀತದಾಳುಗಳನ್ನು ಬಿಡಿಸಿದ ಸುದ್ದಿ ಆಮೇಲೂ ಬರುತ್ತಲೇ ಇದೆ. ಗಂಡುಕೂಸುಗಳನ್ನು ಕೊಲ್ಲಿ ಅಂದ ಫರೋಹನ ಮಾತು ಮೀರಿದ ಇಬ್ಬರು ಸೂಲಗಿತ್ತಿಯರ ಹೆಸರು ಕೂಡ ಬೈಬಲ್ಲಿನಲ್ಲಿದೆ: ಶಿಪ್ರಾ, ಪೂವಾ. ನಮ್ಮ ಕಾರ್ಡುಗಳಲ್ಲಿ ಅವರನ್ನು ನಾವು ಕಾಣಲಿಲ್ಲ.

ಚಿಕ್ಕದಾಗಿ ಹೇಳುವಾಗ ಏನಾದರೂ ಬಿಡಲೇಬೇಕು, ಒಪ್ಪಿದೆವು. ಆದರೆ ಬಿಡೋದು ಯಾವುದನ್ನು? 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ದ್ವೀಪಗಳ ಕಪ್ಪು ಗುಲಾಮರಿಗೆ ಅಂತಲೇ ಒಂದು ಬೈಬಲ್ ಅಚ್ಚು ಹಾಕಿದರು. ಐಗುಪ್ತದ ಗುಲಾಮರ ಬಿಡುಗಡೆಯ ಕತೆಯನ್ನು ಅದರಿಂದ ಕತ್ತರಿಸಿದರು. ಮಾರಿಹೋಗಿ ಯಜಮಾನನಿಗೆ ನಿಯತ್ತಾಗಿದ್ದ ಯೋಸೇಫನನ್ನು ಉಳಿಸಿಕೊಂಡರು. ಮಕ್ಕಳ ಪುಸ್ತಕ ಮಾಡೋರು ಅಂಥ ಕಟುಕರಲ್ಲ, ಅವರದು ಪ್ರೀತಿಯ ಕತ್ತರಿ. ಬಿದ್ದ ಚೂರು ಮಾತ್ರ ಹೆಚ್ಚೂಕಡಿಮೆ ಅದೇ.

“ಕೂಸುಗಳಿಗೆ ಇದೆಲ್ಲ ಯಾಕ್ರಪ್ಪಾ?” ಅಂತ ಕೇಳುತ್ತಾರೆ. ಯಾರ ಕೂಸುಗಳಿಗೆ? ಐದು ವರ್ಷಕ್ಕೆಲ್ಲ ನಮಗೆ ಹೋಟೆಲಿನಲ್ಲಿ ನಮ್ಮ ಲೋಟ ಎಲ್ಲಿಟ್ಟಿರುತ್ತೆ ಅಂತ ಗೊತ್ತಿತ್ತು. ದೀಕ್ಷಾಸ್ನಾನ ಆದ ಮೇಲೂ ಆ ಲೋಟ ಬದಲಾಗಲಿಲ್ಲ. 1950ರ ರಾಷ್ಟ್ರಪತಿ ಆದೇಶ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಕ್ಕೆ ಕರೆದರು, ನಮ್ಮನ್ನು ಹೊರಗೇ ನಿಲ್ಲಿಸಿದರು. ಹೋಟೆಲಿನವನು ಈ ಆದೇಶ ಓದಿರಲಿಲ್ಲ.

ಬೇರೆ ಥರದ ಚಿತ್ರ ಬರೆಯೋಕೆ ಆಗಲ್ಲ ಅಂತೇನಿಲ್ಲ. ಬೆಂಗಳೂರಿನ ಹತ್ತಿರ ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ದಲಿತ ಮಡೋನ್ನ ಅನ್ನೋ ಚಿತ್ರ ಬರೆದರು. ಅದರಲ್ಲಿ ತಾಯಿ ಒರಳಿನ ಹಾಗೆ, ಮಗು ಅದರೊಳಗಿನ ಗುಂಡುಕಲ್ಲಿನ ಹಾಗೆ. ಅಜ್ಜಿ ಇದ್ದಿದ್ದರೆ ಆ ಕೈಗಳನ್ನು ನೋಡುತ್ತಿದ್ದಳು. 2011ರಲ್ಲಿ ಬಂದ ಭೀಮಾಯಣದಲ್ಲಿ ಗೋಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಅಂಬೇಡ್ಕರರ ಕತೆಯನ್ನು ಚಿತ್ರದಲ್ಲಿ ಹೇಳಿದ್ದಾರೆ. ಆ ಪುಸ್ತಕದ ಮೊದಲ ಭಾಗವೇ ನೀರು. ಬಾಯಾರಿದ ಶಾಲೆಯ ಹುಡುಗನನ್ನು ಅವರು ಮುಚ್ಚಿಡಲಿಲ್ಲ.

ಈಚೆಗೆ ನಾವು ಕೇರಿಯ ಮಕ್ಕಳಿಗೆ ಬಾವಿಯ ಕತೆಯನ್ನು ಅಜ್ಜಿಯ ಹಾಗೆ ಹೇಳಿ, ಕಾಗದ ಕೊಟ್ಟು, ನೀವೇ ಬರೀರಿ ಅಂದೆವು. ಎಲ್ಲರೂ ಬಗ್ಗಿ ಬರೆಯುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದಳು. ಯಾಕಮ್ಮ ಅಂದರೆ, “ಅವ್ನು ಬೊಗಸೆಗೆ ಹುಯ್ಸ್ಕೊಂಡು ಕುಡಿದ್ನಾ, ಕೊಡಕ್ಕೇ ಬಾಯಿ ಹಾಕಿದ್ನಾ? ಹೆಂಗ್ ಬರೀಲಿ ಅಣ್ಣಾ?” ಅಂದಳು.

ಬೈಬಲ್ ತೆಗೆದು ಆ ಅಧ್ಯಾಯವನ್ನು ಮೊದಲಿಂದ ಓದಿದೆವು. ಹೆಂಗಸು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿದ್ದು ಇದೆ. ಅವನು ನೀರು ಕುಡಿದನೋ ಇಲ್ಲವೋ ಅಂತ ಬರೆದಿಲ್ಲ.